ಪಾಕಕಲೆಯ ಎರಡು ವರ್ಷ: ಕೈಗೆ ಹತ್ತಿದ್ದು, ಹತ್ತದೆ ಉಳಿದದ್ದು

ಕಮ್ಯುನಿಟಿ ಕಾಲೇಜೊಂದರಲ್ಲಿ ಪಾಕಕಲೆಯ ಎರಡು ವರ್ಷದ ಕೋರ್ಸನ್ನು ಕಳೆದ ತಿಂಗಳು ಮುಗಿಸಿದೆ. ಹನ್ನೊಂದು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದವಳು, 37ನೆಯ ವಯಸ್ಸಿನಲ್ಲಿ ಏಪ್ರನ್ ಕಟ್ಟಿಕೊಂಡೆ. ಸೇರಲೋ ಬೇಡವೋ ಎಂದು ತೂಗುತ್ತಿರುವವರಿಗೆ ನನ್ನ ಅನುಭವ ನೆರವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲ ಮೂರು ವಾರ ಒಲೆ ಹಚ್ಚಲೇ ಇಲ್ಲ. ಚಾಕು ಹಿಡಿಯುವುದು, ಮಸೆಯುವುದು, ಹೆಚ್ಚುವುದು, ಅಷ್ಟೇ. ‘ಬ್ರುನ್ವಾಸ್’ ಎಂದರೆ 3 ಮಿ.ಮೀ. ಅಳತೆಯ ಪುಟ್ಟ ಘನಗಳು. ಕ್ಯಾರೆಟ್ಟಿನ ದುಂಡು ಬದಿಗಳನ್ನು ಸವರಿ ಚೌಕ ಮಾಡಿಕೊಳ್ಳಬೇಕು. ಆಮೇಲೆ ಹಾಳೆ, ಹಾಳೆಯಿಂದ ಕಡ್ಡಿ, ಕಡ್ಡಿಯಿಂದ ಘನ. ಶಿಕ್ಷಕಿ ಅಳತೆಪಟ್ಟಿ ಹಿಡಿದೇ ಬರುತ್ತಿದ್ದರು. ಒಮ್ಮೆ ನನ್ನ ತಟ್ಟೆಯಿಂದ ದಪ್ಪನೆಯ ಚೂರೊಂದನ್ನು ಎತ್ತಿ, ‘ಇದು ಬೇಯುವಷ್ಟರಲ್ಲಿ ಪಕ್ಕದ್ದು ಕರಗಿಹೋಗಿರುತ್ತದೆ ನೋಡಿ’ ಎಂದರು. ಈ ಹಟವೆಲ್ಲ ಏಕೆಂದು ಅಂದು ತಿಳಿಯಿತು. ಕೆಟ್ಟ ಚೂರುಗಳು ಕಸದ ಬುಟ್ಟಿಗೆ ಹೋಗುತ್ತಿರಲಿಲ್ಲ, ಸ್ಟಾಕ್, ಅಂದರೆ ಮೂಳೆ ಮತ್ತು ತರಕಾರಿಯ ಸಾರ ಇಳಿಸಿದ ತಿಳಿಸಾರು, ಕುದಿಯುವ ಹಂಡೆಗೆ ಬೀಳುತ್ತಿದ್ದವು.

ಆ ಸ್ಟಾಕ್‌ನಿಂದ ನಾನು ಕಲಿತಷ್ಟನ್ನು ಬೇರೆ ಯಾವುದರಿಂದಲೂ ಕಲಿಯಲಿಲ್ಲ. ತೂಕದಲ್ಲಿ ಎರಡು ಪಾಲು ಈರುಳ್ಳಿ, ಒಂದು ಪಾಲು ಕ್ಯಾರೆಟ್, ಒಂದು ಪಾಲು ಸೆಲರಿ. ಜೊತೆಗೆ ಮೂಳೆ, ತಣ್ಣೀರು. ಕೊತಕೊತ ಕುದಿಸಿದರೆ ಕೊಬ್ಬು ನೀರಿನಲ್ಲಿ ಬೆರೆತು ಮಡ್ಡಿಯಾಗುತ್ತದೆ, ಆದ್ದರಿಂದ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟೇ ಉರಿ. ಮನೆಯಲ್ಲಿ ಇಷ್ಟು ದಿನ ನಾನು ಮಾಡುತ್ತಿದ್ದ ತಪ್ಪೆಂದರೆ, ಬಿಸಿ ಪಾತ್ರೆಯನ್ನು ಮುಚ್ಚಿ ರಾತ್ರಿಯಿಡೀ ಹೊರಗೆ ಬಿಡುತ್ತಿದ್ದುದು. ಕುದಿದರೂ ಸಾಯದ ಬ್ಯಾಕ್ಟೀರಿಯಾ ಬೀಜಾಣುಗಳಿವೆ. ನಿಧಾನವಾಗಿ ಆರುವ ಬೆಚ್ಚನೆಯ ಸಾರಿನಲ್ಲಿ ಅವು ಚಿಗುರುತ್ತವೆ. ನಮಗೆ ಹೇಳಿಕೊಟ್ಟ ನಿಯಮ: 57 ಡಿಗ್ರಿ ಸೆಲ್ಸಿಯಸ್‌ನಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಇನ್ನು ನಾಲ್ಕು ಗಂಟೆಯೊಳಗೆ ಇಳಿಯಬೇಕು. ಮಂಜುಗಡ್ಡೆಯ ನೀರಿನಲ್ಲಿ ಹಂಡೆ ಇಳಿಸಿ, ಥರ್ಮಾಮೀಟರ್ ನೋಡುತ್ತ, ಗಡಿಯಾರ ನೋಡುತ್ತ ನಿಂತ ಸಂಜೆಗಳು ನನಗೆ ಬಹಳ ಪ್ರಿಯವಾದವು.

ಮೊಟ್ಟೆಯ ಹಳದಿ ಲೋಳೆಗೆ ಕರಗಿದ ಬೆಣ್ಣೆ ಸೇರಿಸಿ ಕಡೆಯುವ ಹೊಲಾಂಡೇಸ್ ಸಾಸ್ ನನ್ನ ಕೈಯಲ್ಲಿ ನಾಲ್ಕು ಸಲ ಒಡೆಯಿತು. ಐದನೆಯ ಸಲವೂ ಒಡೆದಾಗ ಶಿಕ್ಷಕಿ ಅದನ್ನು ಚೆಲ್ಲಲು ಬಿಡಲಿಲ್ಲ. ಬೇರೆ ಬಟ್ಟಲಿನಲ್ಲಿ ಹೊಸ ಹಳದಿ ಲೋಳೆಗೆ ಒಂದು ಚಮಚ ಬೆಚ್ಚನೆಯ ನೀರು ಹಾಕಿ ಕಡೆಯುತ್ತ, ಒಡೆದ ಸಾಸನ್ನು ಹನಿಹನಿಯಾಗಿ ಸೇರಿಸಲು ಹೇಳಿದರು. ಎಣ್ಣೆಯಂತೆ ಬೇರೆಯಾಗಿದ್ದ ಬೆಣ್ಣೆ ನನ್ನ ಕಣ್ಣೆದುರೇ ಮತ್ತೆ ನುಣುಪಾಗಿ ಕೂಡಿಕೊಂಡಿತು.

ವೆಚ್ಚದ ತರಗತಿಯಲ್ಲಿ ನನ್ನ ಹಳೆಯ ಕಸುಬು ಕೈಹಿಡಿಯಿತು. ಕಿಲೋ ಕ್ಯಾರೆಟ್ಟಿನಲ್ಲಿ ಸಿಪ್ಪೆ, ತುದಿ ಹೋಗಿ 800 ಗ್ರಾಂ ಉಳಿದರೆ ಅದರ ನಿಜವಾದ ದರ ಕೊಂಡದ್ದರ 1.25 ಪಟ್ಟು.

ಕೊರತೆಗಳೂ ಸಣ್ಣವಲ್ಲ. ಹದಿನೆಂಟು ಜನರಿಗೆ ಆರು ಓವನ್, ಅವುಗಳಲ್ಲಿ ಎರಡು ಹೇಳಿದ ಶಾಖದಲ್ಲಿ ನಿಲ್ಲುತ್ತಿರಲಿಲ್ಲ. ಬೇಕಿಂಗ್‌ಗೆ ಸಿಕ್ಕಿದ್ದು ಒಂದೇ ಅವಧಿ. ಹಿಟ್ಟಿನ ಹದ ಬೆರಳಿಗೆ ಹತ್ತುವಷ್ಟರಲ್ಲಿ ಅದು ಮುಗಿದಿತ್ತು. ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ವೇಗದ ಕೊರತೆ. ತರಗತಿಯಲ್ಲಿ ಒಂದು ಅಡುಗೆಗೆ ಮೂರು ಗಂಟೆ ಕೊಡುತ್ತಿದ್ದರು. ತರಬೇತಿಗೆ ಹೋದ ಹೋಟೆಲಿನಲ್ಲಿ ಮೊದಲ ರಾತ್ರಿಯೇ ಒಟ್ಟಿಗೆ ಒಂಬತ್ತು ಆರ್ಡರ್ ಬಂದಾಗ ಕೈ ಕಟ್ಟಿಹಾಕಿದಂತಾಯಿತು. ಅಂತಹ ಒತ್ತಡದ ಅಭ್ಯಾಸವನ್ನು ಕಾಲೇಜು ಎರಡನೆಯ ವರ್ಷದಲ್ಲಾದರೂ ಮಾಡಿಸಬೇಕಿತ್ತು.

ಆದರೂ ಸೇರಿ ಎಂದೇ ಹೇಳುತ್ತೇನೆ. ಶುಲ್ಕ ಕಟ್ಟುವ ಮುನ್ನ ಪಾಠ ನಡೆಯುವ ಹೊತ್ತಿನಲ್ಲೇ ಹೋಗಿ ಅಡುಗೆಮನೆ ನೋಡಿ, ಒಲೆಗಳನ್ನೂ ವಿದ್ಯಾರ್ಥಿಗಳನ್ನೂ ಎಣಿಸಿ, ಹೊರಗಿನ ತರಬೇತಿ ಎಷ್ಟು ಗಂಟೆ ಎಂದು ಕೇಳಿ. ಜಾರದ ಬೂಟುಗಳಿಗೆ ಮಾತ್ರ ಜಿಪುಣತನ ಬೇಡ. ಬರುವ ವರ್ಷ ಬೇಕಿಂಗ್ ಅವಧಿ ಹೆಚ್ಚಿಸುವ ಮಾತು ನಡೆದಿದೆ. ಹಾಗಾದರೆ ಅದೊಂದಕ್ಕೆ ನಾನು ಮತ್ತೆ ಹೆಸರು ಕೊಡುತ್ತೇನೆ.