ಡ್ರೈನ್ ಪ್ಲಗ್ ವಾಷರ್: ಅಲ್ಯೂಮಿನಿಯಂ, ತಾಮ್ರ, ರಬ್ಬರ್ ಮೂರೂ ಹಾಕಿ ನೋಡಿದೆ

ಯಾವ ಎಂಜಿನ್ ಆಯಿಲ್ ಒಳ್ಳೆಯದು ಅಂತ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಹಳೆ ಆಯಿಲ್ ಇಳಿಸಲು ಚೇಂಬರ್‌ನ, ಅಂದರೆ ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಯ, ತಳದಲ್ಲಿ ಬಿಚ್ಚುವ ಬೋಲ್ಟೇ ಡ್ರೈನ್ ಪ್ಲಗ್. ಅಲ್ಲಿ ಆಯಿಲ್ ಸೋರದ ಹಾಗೆ ಹಿಡಿದಿಡುವ ವಾಷರ್ ಕಡೆ ಯಾರೂ ನೋಡುವುದಿಲ್ಲ. ನಮ್ಮ ಸ್ವಿಫ್ಟ್, ಭಾವನ ಹೋಂಡಾ ಸಿಟಿ, ಎರಡಕ್ಕೂ ಆಯಿಲ್ ಬದಲಿಸುವುದು ನಾನೇ. ಎರಡಕ್ಕೂ 14 ಎಂಎಂ ಥ್ರೆಡ್‌ನ ಪ್ಲಗ್ ಇರುವುದರಿಂದ ಒಂದೇ ಅಳತೆಯ ವಾಷರ್‌ಗಳನ್ನು ಅದಲು ಬದಲು ಮಾಡಿ ನೋಡಲು ಆಯಿತು.

ಮೊದಲು ಕಂಪನಿಯ ಅಲ್ಯೂಮಿನಿಯಂ ವಾಷರ್. ಬಿಗಿ ಮಾಡಿದಾಗ ಇದು ತಾನೇ ಅಮುಕಿಕೊಂಡು, ಪ್ಲಗ್‌ಗೂ ಚೇಂಬರ್‌ಗೂ ನಡುವಿನ ಸಣ್ಣ ಗೀರುಗಳನ್ನೆಲ್ಲ ಮುಚ್ಚುತ್ತದೆ. ಹಾಗಾಗಿ ಇದರ ಕೆಲಸ ಒಂದೇ ಸಲಕ್ಕೆ. ಹಳೆಯದನ್ನೇ ಹಾಕಿದರೆ ಸೋರಲೇಬೇಕು ಅಂತೇನಿಲ್ಲ, ಆದರೆ ಸ್ವಲ್ಪ ಜಿನುಗಿದರೂ ಸಾಕು, ಯಾರಾದರೂ ಇನ್ನೊಂದು ಸುತ್ತು ಬಿಗಿ ಮಾಡುತ್ತಾರೆ, ಮುಂದಿನ ಸಲ ಇನ್ನಷ್ಟು, ಕೊನೆಗೆ ಚೇಂಬರ್‌ನ ಥ್ರೆಡ್ಡೇ ಹೋಗುತ್ತದೆ. ಹೊಸ ವಾಷರ್ ಇದ್ದರೆ ಸಿಟಿಗೆ 40 ನ್ಯೂಟನ್ ಮೀಟರ್, ಸ್ವಿಫ್ಟ್‌ಗೆ 35 ಸಾಕು. ಬಿಗಿ ಎಷ್ಟೆಂದು ಅಳೆಯುವ ಟಾರ್ಕ್ ರೆಂಚ್ ಹಿಡಿದು ನೋಡಿದರೆ ಗೊತ್ತಾಗುತ್ತದೆ, ಇದು ನಮ್ಮ ಕೈ ಅಂದುಕೊಳ್ಳುವುದಕ್ಕಿಂತ ತುಂಬಾ ಕಡಿಮೆ.

ತಾಮ್ರದ ವಾಷರ್‌ಗೆ ಅಭಿಮಾನಿಗಳು ಜಾಸ್ತಿ. ಕಾರಣ, ಅದನ್ನು ಮತ್ತೆ ಮೆದು ಮಾಡಬಹುದು. ಒಮ್ಮೆ ಅಮುಕಿದ ತಾಮ್ರ ಗಟ್ಟಿಯಾಗಿರುತ್ತದೆ. ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆಯ ಉರಿಯಲ್ಲಿ ಮಂಕಾಗಿ ಕೆಂಪಾಗುವ ತನಕ ಕಾಯಿಸಿ, ನೀರಿಗೆ ಹಾಕಿದರೂ ಸರಿ, ಹಾಗೇ ಆರಲು ಬಿಟ್ಟರೂ ಸರಿ, ಮೆತ್ತಗಾಗುತ್ತದೆ. ಉಕ್ಕಿನ ಹಾಗೆ ನೀರಿಗೆ ಹಾಕಿದ ಕೂಡಲೇ ಗಟ್ಟಿಯಾಗುವುದಿಲ್ಲ. ಮೇಲೆ ಕೂತ ಕಪ್ಪನ್ನು ಸಣ್ಣ ಎಮರಿ ಕಾಗದದಲ್ಲಿ ತೆಗೆಯಬೇಕು. ಇದೇ ಉಪಾಯ ಅಲ್ಯೂಮಿನಿಯಂಗೆ ಮಾಡಲು ಹೋಗಬೇಡಿ. ಅದು 660 ಡಿಗ್ರಿಗೇ ಕರಗುತ್ತದೆ, ಕೆಂಪಾಗಿ ಎಚ್ಚರಿಕೆ ಕೊಡುವುದೂ ಇಲ್ಲ. ತಾಮ್ರ ಚೆನ್ನಾಗಿಯೇ ಹಿಡಿಯಿತು, ಒಂದು ಹನಿಯೂ ಇಲ್ಲ. ಆದರೆ ಒಂದು ಚಿಲ್ಲರೆ ವಾಷರ್‌ಗಾಗಿ ಅಡುಗೆಮನೆಯಲ್ಲಿ ನಿಂತು ಬೈಸಿಕೊಳ್ಳುವುದು ಯಾಕೆ, ಅಲ್ವಾ?

ಮೂರನೆಯದು ಲೋಹದ ಬಳೆಯ ಒಳಗೆ ರಬ್ಬರ್ ಅಂಟಿಸಿದ ವಾಷರ್. ಕಡಿಮೆ ಬಿಗಿಯಲ್ಲೇ ಸೀಲ್ ಆಗುತ್ತದೆ, ಸವೆದ ಪ್ಲಗ್‌ಗೂ ಹೊಂದಿಕೊಳ್ಳುತ್ತದೆ, ಬಳಸಲು ಮೂರರಲ್ಲಿ ಇದೇ ಹಿತ. ತೊಂದರೆ ಇರುವುದು ರಬ್ಬರ್‌ನಲ್ಲಿ. ಅಂಗಡಿಯವರು ಸಾಮಾನ್ಯವಾಗಿ ಕೊಡುವುದು ನೈಟ್ರೈಲ್ ಅನ್ನುವ ಬಗೆಯ ರಬ್ಬರ್. ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಆಯಿಲ್ 100 ಡಿಗ್ರಿ ದಾಟುತ್ತದೆ, ಅಲ್ಲಿಗೆ ನೈಟ್ರೈಲ್ ತನ್ನ ಮಿತಿ ಮುಟ್ಟಿರುತ್ತದೆ. ಮುಂದಿನ ಆಯಿಲ್ ಚೇಂಜ್‌ಗೆ ಬಿಚ್ಚಿದಾಗ ಅಂಚು ಗಟ್ಟಿಯಾಗಿತ್ತು. ಹಾಕುವುದಾದರೆ ಹೆಚ್ಚು ಬಿಸಿ ತಡೆಯುವ ರಬ್ಬರ್, ವೈಟಾನ್ ಅಂತ ಕೇಳಿ ತನ್ನಿ.

ಟೆಫ್ಲಾನ್ ಟೇಪ್, ಗ್ಯಾಸ್ಕೆಟ್ ಪೇಸ್ಟ್? ಬೇಡ. ಒಳಗೆ ಬಿದ್ದ ಚೂರು ಆಯಿಲ್ ಪಂಪ್‌ನ ಜಾಲರಿಗೆ ಹೋಗಿ ಕೂರುತ್ತದೆ.

ಮ್ಯಾಗ್ನೆಟ್ ಇರುವ ಪ್ಲಗ್ ಕೂಡ ಹಾಕಿದ್ದೇನೆ. ತುದಿಯಲ್ಲಿ ಬೂದು ಬಣ್ಣದ ಪೇಸ್ಟ್ ಹಿಡಿದಿರುತ್ತದೆ, ನೋಡಲು ಖುಷಿ. ಫಿಲ್ಟರ್ ಹೇಗೂ ಇದೆ, ಹಾಗಾಗಿ ಇಲ್ಲದಿದ್ದರೂ ನಡೆಯುತ್ತದೆ. ಪ್ಲಗ್ ಬದಲು ಹಾಕುವ, ಲಿವರ್ ತಿರುಗಿಸಿದರೆ ಆಯಿಲ್ ಸುರಿಯುವ ವಾಲ್ವ್ ಮಾತ್ರ ನಮ್ಮ ರಸ್ತೆಗಲ್ಲ. ಚೇಂಬರ್‌ಗಿಂತ ಕೆಳಗೆ ಜೋತು ಬೀಳುವ ವಸ್ತುವನ್ನು ನಮ್ಮೂರಿನ ಹಂಪ್‌ಗಳ ಮೇಲೆ ಓಡಿಸುವ ಧೈರ್ಯ ನನಗಿಲ್ಲ. ಭಾವನಿಗೆ ಈಗಲೂ ಅದರ ಮೇಲೆ ಕಣ್ಣು.

ನಾನು ಮತ್ತೆ ಅಲ್ಯೂಮಿನಿಯಂಗೇ ಬಂದಿದ್ದೇನೆ. ಆಯಿಲ್ ಫಿಲ್ಟರ್ ತರುವಾಗಲೇ ಒಂದೆರಡು ವಾಷರ್ ಜೊತೆಗೆ ತರುತ್ತೇನೆ. ಪ್ಲಗ್ ಬದಲಿಸುವುದು ಅದರ ತಲೆ ಸವೆದರೆ ಅಥವಾ ಥ್ರೆಡ್ ಕೆಟ್ಟರೆ ಮಾತ್ರ. ಹಾಕುವ ಮುಂಚೆ ಚೇಂಬರ್ ಮೇಲೆ ಬೆರಳಾಡಿಸಿ ನೋಡಿ, ಹಳೆ ವಾಷರ್ ಕೆಲವೊಮ್ಮೆ ಅಲ್ಲೇ ಅಂಟಿಕೊಂಡಿರುತ್ತದೆ, ಅದರ ಮೇಲೆ ಹೊಸದು ಕೂತರೆ ಸೋರುತ್ತದೆ. ಫೋಕ್ಸ್‌ವ್ಯಾಗನ್ ಪೋಲೋ ಇರುವವರಿಗೆ ಈ ತಲೆನೋವೇ ಇಲ್ಲ: ವಾಷರ್ ಪ್ಲಗ್‌ನಿಂದ ಬೇರೆಯಾಗುವುದಿಲ್ಲ, ಪ್ಲಗ್ಗನ್ನೇ ಹೊಸದು ಹಾಕಿ 30 ನ್ಯೂಟನ್ ಮೀಟರ್‌ಗೆ ನಿಲ್ಲಿಸಬೇಕು.