ಜೇನುಪೆಟ್ಟಿಗೆ ತರೋದಾ, ಬೇಲಿ ಸಾಲು ಬಿಡೋದಾ?

ತೋಟದಲ್ಲಿ ಜೇನು, ದುಂಬಿ ಕಡಿಮೆಯಾಗಿವೆ, ಏನು ಮಾಡಲಿ ಅಂತ ಕೇಳುವವರು ಮೊದಲು ತಾವು ಬೆಳೆದಿರೋದು ಏನು ಅಂತ ನೋಡಿಕೊಳ್ಳಿ.

ರೊಬಸ್ಟಾ ಕಾಫಿ, ಏಲಕ್ಕಿ ಇದ್ದರೆ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಪೆಟ್ಟಿಗೆ ಒಳ್ಳೆಯದೇ. ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಹೂವು ನಿಲ್ಲೋದೂ ಕೆಲವೇ ದಿನ. ಜೊತೆಗೆ ಜೇನುತುಪ್ಪ ಸಿಗುತ್ತದೆ. ಆದರೆ ಇರುವೆ, ಮೇಣದ ಹುಳು, ರೋಗ ಎಲ್ಲ ನೀವೇ ನೋಡಿಕೊಳ್ಳಬೇಕು. 1990ರ ದಶಕದ ಶುರುವಿನಲ್ಲಿ ಜೇನಿನ ಮರಿಹುಳುಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ಕೊಡಗಿನಲ್ಲಿ ತುಡುವೆ ಕುಟುಂಬಗಳು ಪೆಟ್ಟಿಗೆ ಪೆಟ್ಟಿಗೆಯೇ ಖಾಲಿಯಾದವು.

ಬದನೆ, ಟೊಮೆಟೊ ಬೆಳೆಯುವವರಿಗೆ ಪೆಟ್ಟಿಗೆಯಿಂದ ಅಷ್ಟೇನೂ ಲಾಭವಿಲ್ಲ. ಬದನೆ ಹೂವಿನ ಹಳದಿ ಕೇಸರದ ತುದಿಯಲ್ಲಿ ಪುಟ್ಟ ತೂತು ಇರುತ್ತದೆ, ಉಪ್ಪಿನ ಡಬ್ಬಿ ತರಹ ಅಲ್ಲಾಡಿಸಿದರೇನೇ ಪರಾಗ ಉದುರೋದು. ಕಪ್ಪು ದುಂಬಿ ಹೂವನ್ನು ತಬ್ಬಿಕೊಂಡು ಗುಂಯ್ ಅಂತ ಮೈ ಅದುರಿಸಿ ಆ ಕೆಲಸ ಮುಗಿಸುತ್ತದೆ. ನೀಲಿ ಪಟ್ಟೆಯ ಜೇನೂ ಅಷ್ಟೇ. ತುಡುವೆಗೆ ಅದು ಬರೋದಿಲ್ಲ. ದುಂಬಿಗೆ ಗೂಡು ಮಾಡೋಕೆ ಬೇಕಾಗಿರೋದು ಒಣಗಿದ ಬಿದಿರು, ನೀಲಿ ಪಟ್ಟೆಯದಕ್ಕೆ ಬರಿ ಮಣ್ಣು, ಮುಜಂಟಿ ಅನ್ನೋ ಚುಚ್ಚದ ಪುಟ್ಟ ಜೇನಿಗೆ ಹಳೇ ಮರದ ಪೊಟರೆ. ಅಂದರೆ ಬೇಲಿಯಂಚನ್ನು ಸವರದೆ ಬಿಡಿ, ತುಂಬೆ, ಹೊಂಗೆ ಇರಲಿ, ಕಳೆನಾಶಕ ಬೇಡ. ದುಡ್ಡು ಹೆಚ್ಚು ಬೇಡ, ತಾಳ್ಮೆ ಬೇಕು.

ನನ್ನ ಕೇಳಿದರೆ ಮೊದಲು ಬೇಲಿ, ಆಮೇಲೆ ಪೆಟ್ಟಿಗೆ. ಕಾಫಿ ಹೂವು ಮುಗಿದ ಮೇಲೆ ತುಡುವೆಗೂ ಹೊಟ್ಟೆಗೆ ಬೇಕಲ್ವಾ? ಯಾವುದನ್ನೇ ಆರಿಸಿ, ಹೂ ಬಿಟ್ಟಿರುವಾಗಂತೂ ಕೀಟನಾಶಕ ಹೊಡೀಬೇಡಿ.