ಕಡಂಬಿಟ್ಟಿನ ಜೊತೆ ಹಾಕಿ ಜಗಳ

ಮಳೆ ಅಂತ ನಾಪೋಕ್ಲು ಪೇಟೆಯ ಈ ನಾಲ್ಕು ಮೇಜಿನ ಹೋಟೆಲ್‌ಗೆ ನುಗ್ಗಿದೆ. ಅಕ್ಕಿ ತರಿಯ ಉಂಡೆ ಕಡಂಬಿಟ್ಟು ಬಿಸಿಬಿಸಿ, ಪಂದಿಕರಿಗೆ ಕಾಚಂಪುಳಿಯ ಹುಳಿ ಹದವಾಗಿತ್ತು. ಕಾಫಿಗೆ ಮಾತ್ರ ಚಿಕೋರಿ ಜಾಸ್ತಿ. ಕೊಡಗಿನಲ್ಲಿ ಕೂತು ಇದನ್ನು ಕುಡಿಯಬೇಕಾ?

ಗೋಡೆ ತುಂಬ ಹಾಕಿ ಆಟಗಾರರ ಫೋಟೋ. ಮಾಲೀಕರ ನಿಯಮ ಒಂದೇ: ಗೋಲು ಜಾಸ್ತಿ ಇದ್ದವರಿಗೆ ಜಾಗ ಖಾಯಂ.

"ಅಣ್ಣ, ಟೊರೊಂಟೊದ ಐಸ್ ಹಾಕಿ ಹಾಲ್ ಆಫ್ ಫೇಮ್‌ನಲ್ಲೂ ಹಾಗಿಲ್ಲ" ಎಂದೆ. ಶ್ರೇಷ್ಠ ಆಟಗಾರರ ಆ ಗೌರವ ಪಟ್ಟಿ ಸೇರಲು 18 ಜನರ ಸಮಿತಿಯಲ್ಲಿ 14 ಮತ ಬೇಕು. ಐಸ್ ಹಾಕಿ ಆಟಗಾರ ಡೇವ್ ಆಂಡ್ರೇಚುಕ್ 640 ಗೋಲು ಹೊಡೆದೂ 2017ರವರೆಗೆ ಕಾದರು. ಅದು ಸ್ವಲ್ಪ ಜಾಸ್ತಿಯೇ ಆಯ್ತು, ಬಿಡಿ. ಆದರೆ ಸುಮ್ನೆ ಗೋಲು ಎಣಿಸಿದರೆ, 1980ರ ಮಾಸ್ಕೋ ಚಿನ್ನದ ತಂಡದಲ್ಲಿ ಗೋಲು ಹೊಡೆಯೋ ಅವಕಾಶ ಕಡಿಮೆ ಇರೋ ಮಿಡ್‌ಫೀಲ್ಡ್‌ನಲ್ಲಿ ಆಡಿದ ನಮ್ಮ ಎಂ.ಎಂ. ಸೋಮಯ್ಯ ಹೊರಗೇ ಉಳೀತಾರೆ, ಅಲ್ವಾ?

"ಅವರ ಫೋಟೋ ಗಲ್ಲಾಪೆಟ್ಟಿಗೆ ಮೇಲಿದೆ, ನೋಡಿ" ಎಂದರು. ತಮ್ಮ ನಿಯಮ ತಾವೇ ಮುರಿದಿದ್ದಾರೆ, ಪುಣ್ಯಾತ್ಮ! ಹೋಗುವವರು ನಗದು ಇಟ್ಟುಕೊಳ್ಳಿ, ಕಾರ್ಡ್ ನಡೆಯಲ್ಲ.